ಮೂರು ಗಂಟೆಯ ಸಿಂಬಲ್

ನನ್ನ ಮೇಲೆ ಇಲಾಖಾ ವಿಚಾರಣೆ ನಡೆದದ್ದು ಲಂಚಕ್ಕಲ್ಲ, ಕಡತ ಕಳೆದದ್ದಕ್ಕಲ್ಲ, ಸಾಹೇಬರಿಗೆ ಎದುರುತ್ತರ ಕೊಟ್ಟದ್ದಕ್ಕೂ ಅಲ್ಲ. ಡ್ರಮ್ಸ್ ಚೆನ್ನಾಗಿ ಬಾರಿಸಿದ್ದಕ್ಕೆ. ನಮ್ಮ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇಂಥ ಆಪಾದನೆ ಹೊತ್ತವನು ನಾನೊಬ್ಬನೇ. ಅದರಲ್ಲೂ ದೊಡ್ಡ ತಮಾಷೆಯೆಂದರೆ ನನಗೆ ಡ್ರಮ್ಸ್ ಬಾರಿಸಲು ಬರುವುದಿಲ್ಲ.

ಇದಕ್ಕೆಲ್ಲ ಮೂಲ ನನ್ನ ಭಾವಮೈದ. ಅವನು ಎರಡು ವರ್ಷದಿಂದ ಗಿಟಾರ್ ಕಲಿಯುತ್ತಿದ್ದಾನೆ, ನಾಲ್ಕು ವರ್ಷದಿಂದ ಅದರ ಬಗ್ಗೆ ಮಾತಾಡುತ್ತಿದ್ದಾನೆ. ಒಂದು ಭಾನುವಾರ ನಮ್ಮ ಮನೆಗೆ ಊಟಕ್ಕೆ ಬಂದವನು ಕೈ ತೊಳೆಯುತ್ತಾ, "ಭಾವಂಗೆ ಸಂಗೀತ ಅಂದ್ರೆ ಮಿಕ್ಸಿ ಸದ್ದು ಅಷ್ಟೇ ಬಿಡಕ್ಕ" ಎಂದ. ಮಾತು ನನ್ನ ಹೆಂಡತಿಗೆ ಹೇಳಿದ್ದು, ತಾಗಿದ್ದು ನನಗೆ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: "ನಾನು ಡ್ರಮ್ಸ್ ಕಲೀತಿದ್ದೀನಿ."

ಬಡಿಸುತ್ತಿದ್ದ ಹೆಂಡತಿಯ ಸೌಟು ಅರ್ಧದಲ್ಲೇ ನಿಂತಿತು.

"ಯಾವಾಗಿಂದ?" ಎಂದಳು.

"ಈ ವಾರದಿಂದ."

ಆಡಿದ ಸುಳ್ಳನ್ನು ವಾರದೊಳಗೆ ನಿಜ ಮಾಡಬೇಕಾಯಿತು. ಪತ್ರಿಕೆಯ ಸಣ್ಣ ಜಾಹೀರಾತುಗಳಲ್ಲಿ ಹುಡುಕಿ ಒಂದು ಹಳೆಯ ಡ್ರಮ್ ಸೆಟ್ ಗೊತ್ತು ಮಾಡಿದೆ. ಮಾರುತ್ತಿದ್ದವರು ಒಬ್ಬ ವಯಸ್ಸಾದ ಹೆಂಗಸು. ನಾನು ಹೋಗುವಷ್ಟರಲ್ಲಿ ಡ್ರಮ್ಮುಗಳನ್ನೆಲ್ಲ ಹಳೆಯ ಹೊದಿಕೆಗಳಲ್ಲಿ ಸುತ್ತಿ ಬಾಗಿಲ ಹೊರಗೆ ಸಾಲಾಗಿ ಇಟ್ಟಿದ್ದರು.

"ಮೂರು ಗಂಟೆ ಒಳಗೆ ತಗೊಂಡು ಹೋಗ್ಬಿಡಿ" ಎಂದರು. ಮಧ್ಯಾಹ್ನ ಮಲಗುವ ಅಭ್ಯಾಸವಿರಬೇಕು ಎಂದುಕೊಂಡೆ. ಕೊನೆಯಲ್ಲಿ ಕೂರುವ ಸ್ಟೂಲನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟು, "ಇದರ ಎತ್ತರ ಬದಲಾಯಿಸಿದ್ರೆ ಅವರಿಗೆ ಆಗ್ತಿರಲಿಲ್ಲ" ಎಂದರು.

"ಯಾರಿಗೆ?" ಎಂದು ಕೇಳುವಷ್ಟರಲ್ಲಿ ಬಾಗಿಲು ಹಾಕಿಕೊಂಡಿತ್ತು. ಒಳಗಿನಿಂದ ಬೀಗ ಎರಡು ಬಾರಿ ತಿರುಗಿದ್ದು ಕೇಳಿಸಿತು. ನಾನು ಸ್ಟೂಲನ್ನು ಆಟೋದಲ್ಲಿ ಮಡಿಲ ಮೇಲಿಟ್ಟುಕೊಂಡು ಬಂದೆ. ಮನೆಗೆ ಬಂದು ಮಾಡಿದ ಮೊದಲ ಕೆಲಸವೇ ಅದರ ಎತ್ತರ ಬದಲಾಯಿಸಿದ್ದು. ನನಗೆ ಅದು ನಾಲ್ಕು ಬೆರಳು ತಗ್ಗಾಗಿತ್ತು.

ನಮ್ಮದು ನಾಲ್ಕು ಅಂತಸ್ತಿನ ಕಟ್ಟಡದ ಮೂರನೇ ಅಂತಸ್ತು. ಬಟ್ಟೆ ಒಣಗಿಸುವ ಸಣ್ಣ ಕೋಣೆಯಲ್ಲಿ ಡ್ರಮ್ ಸೆಟ್ ಕೂತಿತು, ಬಟ್ಟೆಗಳು ಹಾಲಿಗೆ ಬಂದವು. ಸೆಟ್ಟಿನ ಜೊತೆ ಬಂದ ಸಿಂಬಲ್‌ಗಳು, ಅಂದರೆ ಕೋಲಿನಿಂದ ಬಾರಿಸುವ ಕಂಚಿನ ತಟ್ಟೆಗಳು, ಎರಡು. ಒಂದರ ಅಂಚು ಸೀಳಿತ್ತು, ಇನ್ನೊಂದು ಯಾರೋ ಮೇಲೆ ಕೂತು ಎದ್ದಂತೆ ಸೊಟ್ಟಗಾಗಿತ್ತು. ಸೊಟ್ಟಗಿದ್ದದ್ದನ್ನು ಮೊದಲ ಸಲ ಬಾರಿಸಿದಾಗ ಎದುರು ಮನೆಯ ಅಜ್ಜಿ ಬಾಗಿಲು ತೆರೆದು, "ಏನು ಬಿತ್ತಪ್ಪಾ?" ಎಂದರು.

"ಏನೂ ಬೀಳಲಿಲ್ಲ ಅಜ್ಜಿ, ಅಭ್ಯಾಸ ಮಾಡ್ತಿದ್ದೀನಿ."

"ಅಭ್ಯಾಸ ಮಾಡ್ಕೊಂಡು ಬೀಳಿಸ್ತೀರಾ?" ಎಂದು ಅವರು ಬಾಗಿಲು ಹಾಕಿಕೊಂಡರು. ಆಮೇಲೆ ಒಂದು ವಾರ, ನಾನು ಸಿಂಬಲ್ ಮುಟ್ಟಿದಾಗಲೆಲ್ಲ ಆ ಬಾಗಿಲು ತೆರೆದುಕೊಳ್ಳುತ್ತಿತ್ತು, ಅದೇ ಪ್ರಶ್ನೆ ಬರುತ್ತಿತ್ತು. ಕೆಳಗಿನ ಮನೆಯವರು ಒಮ್ಮೆ ಪಾತ್ರೆಗಳ ಸ್ಟ್ಯಾಂಡಿಗೆ ಹೊಡೆಯಲು ಮೊಳೆಗಳನ್ನೂ ಕಳಿಸಿಕೊಟ್ಟರು.

ಸಿಂಬಲ್ ಬದಲಾಯಿಸದೆ ಗತ್ಯಂತರವಿರಲಿಲ್ಲ. ಹಳೆಯ ವಾದ್ಯಗಳ ಅಂಗಡಿಯೊಂದು ನಾನು ತಕ್ಕಡಿ ತಪಾಸಣೆಗೆ ಹೋಗುವ ಬೀದಿಯಲ್ಲೇ ಇತ್ತು. ಅದರ ಮಾಲೀಕನನ್ನು ಎಲ್ಲರೂ ಕಿವಿಯಣ್ಣ ಎನ್ನುತ್ತಿದ್ದರು. ಏನು ಕೇಳಿದರೂ ಮೊದಲು ತಲೆ ವಾಲಿಸಿ ಒಂದು ಕಿವಿ ನಮ್ಮ ಕಡೆ ಕೊಡುವುದು ಅವನ ಪದ್ಧತಿ.

"ಹಳೇ ಸೆಟ್ ತಗೊಂಡೋರು ಮೊದಲು ನೋಡ್ಬೇಕಾದ್ದೇ ಸಿಂಬಲ್ ಸಾರ್" ಎಂದ. "ಡ್ರಮ್ ಹೇಗಿದ್ರೂ ಮುಖ ಬಿಗಿ ಮಾಡಿ ದಾರಿಗೆ ತರಬಹುದು. ಸಿಂಬಲ್ ಹುಟ್ಟಿದ ಹಾಗೇ ಇರುತ್ತೆ, ತಿದ್ದೋಕಾಗಲ್ಲ. ಮೊದಲು ಕಾಲಲ್ಲಿ ಮುಚ್ಚಿ ತೆಗೆಯೋ ಜೋಡಿ ಒಂದು ತಗೊಳ್ಳಿ, ಅದನ್ನ ಹೈ-ಹ್ಯಾಟ್ ಅಂತೀವಿ. ಆಮೇಲೆ ಒಂದು ದೊಡ್ಡದು, ರೈಡ್. ಅಷ್ಟಿದ್ರೆ ವರ್ಷಗಟ್ಟಲೆ ಕಲೀಬಹುದು. ಸಣ್ಣ ಕೋಣೆ ಅಂತೀರ, ಆದ್ದರಿಂದ ತೆಳು ಇರೋದು ನೋಡಿ."

ಹೈ-ಹ್ಯಾಟ್ ಜೋಡಿಯನ್ನು ಅವನೇ ಆರಿಸಿಕೊಟ್ಟ, ಅದರ ಬಗ್ಗೆ ಯಾರದೂ ತಕರಾರಿಲ್ಲ. ರೈಡ್ ವಿಷಯದಲ್ಲಿ ಮಾತ್ರ ನಾನು ನನ್ನ ಇಪ್ಪತ್ತೆರಡು ವರ್ಷದ ಸೇವಾನುಭವವನ್ನು ಬಳಸಿದೆ. ಅಂಗಡಿಯವರು 'ತೆಳು ಇರೋದೇ ಒಳ್ಳೇದು' ಎಂದರೆ ಅದರಲ್ಲಿ ಏನೋ ಇದೆ ಎಂದು ನನ್ನ ಕೈಚೀಲದಲ್ಲಿದ್ದ ಇಲಾಖೆಯ ಕೊಕ್ಕೆ ತಕ್ಕಡಿ ತೆಗೆದೆ. ಗೋಡೆಯ ಮೇಲಿದ್ದ ಹತ್ತೊಂಬತ್ತು ಸಿಂಬಲ್‌ಗಳನ್ನೂ ಒಂದೊಂದಾಗಿ ತೂಗಿ ಪುಸ್ತಕದಲ್ಲಿ ಬರೆದುಕೊಂಡೆ. ಕಿವಿಯಣ್ಣ ಕೌಂಟರಿನ ಮೇಲೆ ಮೊಣಕೈ ಊರಿ ನೋಡುತ್ತಿದ್ದ.

"ಸಾರ್, ಇದು ಸಕ್ಕರೆ ಅಲ್ಲ" ಎಂದ.

"ಯಾವುದಾದ್ರೂ ಆಗ್ಲಿ, ತೂಕ ತೂಕವೇ" ಎಂದು ಮೂರು ಕಿಲೋ ನೂರು ಗ್ರಾಮಿನ ಅತಿ ಭಾರದ ಸಿಂಬಲ್ಲನ್ನು ಆರಿಸಿದೆ.

"ಒಂದು ವಾರ ಇಟ್ಕೊಂಡು ನೋಡಿ. ಹಿಡಿಸದಿದ್ರೆ ವಾಪಸ್ ತನ್ನಿ, ಬೇರೆ ಕೊಡ್ತೀನಿ. ಅಂಗಡೀಲಿ ಎಲ್ಲ ಚೆನ್ನಾಗೇ ಕೇಳ್ಸುತ್ತೆ, ಮನೆಗೆ ಹೋದ್ಮೇಲೇ ಗೊತ್ತಾಗೋದು" ಎಂದ. ಅವನು ಎಲ್ಲರಿಗೂ ಹೀಗೇ ಕೊಡುತ್ತಾನೆ.

ಮಾರನೆಯ ದಿನ ಬೆಳಗ್ಗೆ ಅದನ್ನು ಸ್ಟ್ಯಾಂಡಿಗೆ ಹಾಕಿ, ತಿರುಪು ಬಿಗಿದು, ಕೋಣೆಯ ಬಾಗಿಲು ಎಳೆದುಕೊಂಡು ಕೆಲಸಕ್ಕೆ ಹೋದೆ. ಹೆಂಡತಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ರೋಗಿಗಳಿಗೆ ಸಮಯ ಕೊಡುವ ಕೆಲಸದಲ್ಲಿದ್ದಾಳೆ, ನನಗಿಂತ ಮೊದಲೇ ಹೊರಡುತ್ತಾಳೆ. ನಮಗೆ ಮಕ್ಕಳಿಲ್ಲ. ಮನೆಗೆ ಎರಡು ಬೀಗದಕೈ, ಎರಡೂ ನಮ್ಮ ಹತ್ತಿರವೇ. ಸಂಜೆ ಬಂದು ನೋಡಿದರೆ ಸಿಂಬಲ್ ಸ್ಟ್ಯಾಂಡಿನ ಮೇಲಿರಲಿಲ್ಲ. ಶಾಲೆಯಲ್ಲಿ ಶಿಕ್ಷೆಗೆ ನಿಲ್ಲಿಸಿದ ಹಾಗೆ ಗೋಡೆಗೆ ಮುಖ ಮಾಡಿ ಮೂಲೆಯಲ್ಲಿ ನಿಂತಿತ್ತು. ಬಿಚ್ಚಿದ ತಿರುಪು, ಉಣ್ಣೆಯ ಬಿಲ್ಲೆ ಎಲ್ಲವನ್ನೂ ಒಂದು ಸಾಸರಿನಲ್ಲಿ ಒಪ್ಪವಾಗಿ ಇಟ್ಟಿದ್ದರು. ಸ್ಟೂಲು ನಾಲ್ಕು ಬೆರಳು ಇಳಿದಿತ್ತು.

"ನನ್ನ ಸಿಂಬಲ್ ಮುಟ್ಟಬೇಡ ಕಣೇ" ಎಂದು ಹೆಂಡತಿಗೆ ಹೇಳಿದೆ.

"ನನ್ನ ಸಾಸರ್ ಮುಟ್ಟಬೇಡಿ" ಎಂದು ಅವಳು ನನಗೆ ಹೇಳಿದಳು.

ಮಾರನೆಯ ದಿನವೂ ಹಾಗೇ ಆಯಿತು, ಅದರ ಮಾರನೆಯ ದಿನವೂ. ಒಂದು ವಾರ ನಾವಿಬ್ಬರೂ ಒಬ್ಬರನ್ನೊಬ್ಬರು ಅನುಮಾನಿಸುತ್ತಾ ಚಹಾ ಕುಡಿದೆವು. ಕೊನೆಗೆ ಬಾಗಿಲ ಬಳಿ ಸೀಮೆಸುಣ್ಣದ ಪುಡಿ ಹರಡಿ ಹೋದೆ. ಸಂಜೆ ಪುಡಿಯ ಮೇಲೆ ಒಂದು ಗೆರೆಯೂ ಇರಲಿಲ್ಲ, ಸಿಂಬಲ್ ಮಾತ್ರ ಮೂಲೆಯಲ್ಲಿತ್ತು. ಆಗ ಮೊದಲ ಬಾರಿಗೆ ಕುತ್ತಿಗೆಯ ಹಿಂದೆ ತಣ್ಣಗಾಯಿತು. ಆದರೆ ಸರ್ಕಾರಿ ಕೆಲಸದಲ್ಲಿ ಇಪ್ಪತ್ತೆರಡು ವರ್ಷ ಕಳೆದವನು ಅರ್ಥವಾಗದ ವಿಷಯವನ್ನು ಏನು ಮಾಡಬೇಕೋ ಅದನ್ನೇ ಮಾಡಿದೆ. ಮುಂದಿನ ವಾರಕ್ಕೆ ಹಾಕಿದೆ.

ಭಾರದ್ದನ್ನು ವಾಪಸ್ ಕೊಟ್ಟು ಎರಡೂವರೆ ಕಿಲೋದ್ದು ತಂದೆ. ಅದೂ ಮೂಲೆ ಸೇರಿತು. ಎರಡು ಕಿಲೋದ್ದು ತಂದೆ. ಅದು ಕೋಣೆಯ ಹೊರಗೇ, ಹಾಲಿನಲ್ಲಿ ಒದ್ದೆ ಟವೆಲಿನ ಕೆಳಗೆ ಸಿಕ್ಕಿತು. ಮೂರನೆಯ ಬಾರಿ ಹೋದಾಗ ಕಿವಿಯಣ್ಣ ತಲೆ ವಾಲಿಸಿ ನನ್ನನ್ನೇ ನೋಡಿದ.

"ಮನೇಲಿ ಯಾರಿಗೆ ಹಿಡಿಸ್ತಿಲ್ಲ ಸಾರ್?"

"ನನಗೇ" ಎಂದೆ.

ಅವನು ಒಳಗೆ ಹೋಗಿ ಗೋಣಿಯಲ್ಲಿ ಸುತ್ತಿದ್ದ ಒಂದು ಸಿಂಬಲ್ ತಂದ. ಕಪ್ಪಡರಿತ್ತು, ತೆಳ್ಳಗಿತ್ತು, ಮೈತುಂಬ ಸುತ್ತಿಗೆಯ ಗುರುತುಗಳಿದ್ದವು. ಬೆರಳಿನ ಗೆಣ್ಣಿನಿಂದ ತಟ್ಟಿದ. ಸದ್ದು ಎಷ್ಟು ಇಂಪಾಗಿ ಬಂತೆಂದರೆ ಅಂಗಡಿಯ ಹೊರಗೆ ಹೋಗುತ್ತಿದ್ದವನೊಬ್ಬ ನಿಂತು ತಿರುಗಿ ನೋಡಿದ. "ಇದನ್ನ ತಗೊಂಡೋರೆಲ್ಲ ವಾಪಸ್ ತಂದಿದ್ದಾರೆ. ಯಾಕೆ ಅಂತ ಯಾರೂ ಹೇಳಿಲ್ಲ" ಎಂದ. ತೂಗಿದೆ. ಸಾವಿರದ ನಾನೂರ ಎಂಬತ್ತು ಗ್ರಾಂ. ಅಂಗಡಿಯಲ್ಲೇ ಎಲ್ಲಕ್ಕಿಂತ ಹಗುರ.

ಅದು ಮಾತ್ರ ಸಂಜೆ ಸ್ಟ್ಯಾಂಡಿನ ಮೇಲೇ ಇತ್ತು. ಸ್ವಲ್ಪ ಎಡಕ್ಕೆ ಸರಿದಿತ್ತು, ಸ್ಟೂಲು ಇಳಿದಿತ್ತು. ಕೋಲುಗಳು ಡ್ರಮ್ಮಿನ ಮೇಲೆ ಒಂದರ ಪಕ್ಕ ಒಂದು ಮಲಗಿದ್ದವು. ಮುಟ್ಟಿ ನೋಡಿದೆ, ಹಿಡಿ ಬೆಚ್ಚಗಿತ್ತು. ಕೈ ಹಿಂದಕ್ಕೆಳೆದುಕೊಂಡೆ. ಏನು ಮಾಡಬೇಕೆಂದು ತೋಚದೆ ಸಿಂಬಲ್ಲನ್ನು ಮತ್ತೆ ತೂಗಿದೆ. ಸಾವಿರದ ನಾನೂರ ಇಪ್ಪತ್ತು. ಬೆಳಗ್ಗೆ ತೂಗಿದರೆ ಮತ್ತೆ ಎಂಬತ್ತು. ಹೀಗೆ ದಿನವೂ ಅರವತ್ತು ಗ್ರಾಂ ಹೋಗುತ್ತಿತ್ತು, ದಿನವೂ ಬರುತ್ತಿತ್ತು. ಯಾವುದಾದರೂ ಅಂಗಡಿಯಲ್ಲಿ ಹೀಗಾಗಿದ್ದರೆ ಅಂಗಡಿಗೆ ಬೀಗ ಹಾಕಿಸುತ್ತಿದ್ದೆ.

ಎರಡು ದಿನದ ನಂತರ ಮೆಟ್ಟಿಲಲ್ಲಿ ಎದುರು ಮನೆಯ ಅಜ್ಜಿ ಸಿಕ್ಕರು. ನನ್ನ ಕೈ ಹಿಡಿದುಕೊಂಡರು.

"ಮಧ್ಯಾಹ್ನ ಮೂರು ಗಂಟೆಗೆ ಏನು ಬಾರಿಸಿದ್ಯಪ್ಪಾ. ಒಲೆ ಮೇಲೆ ಹಾಲಿಟ್ಟಿದ್ದು ಮರೆತೇಹೋಯ್ತು. ಕಣ್ಣಲ್ಲಿ ನೀರು ಬಂತು."

ಮಧ್ಯಾಹ್ನ ಮೂರಕ್ಕೆ ನಾನು ಊರ ಇನ್ನೊಂದು ತುದಿಯಲ್ಲಿ, ಒಂದು ಪೆಟ್ರೋಲ್ ಬಂಕಿನಲ್ಲಿ ಐದು ಲೀಟರಿನ ಕ್ಯಾನು ಹಿಡಿದು ಅಳೆಯುತ್ತಿದ್ದೆ. ಹಾಗೆಂದು ಹೇಳಬೇಕಿತ್ತು. ಆದರೆ ಮದುವೆಯಾದ ಮೇಲೆ ಯಾರೂ ನನ್ನ ಕೈ ಹಿಡಿದು ಕಣ್ಣೀರು ಹಾಕಿರಲಿಲ್ಲ. ನಾನು ತಲೆ ತಗ್ಗಿಸಿ, "ಏನೋ ಸುಮ್ಮನೆ" ಎಂದೆ. ಈ ಎರಡು ಪದಗಳು ಮುಂದೆ ನನ್ನ ಆಪಾದನಾ ಪಟ್ಟಿಯಲ್ಲಿ 'ಆಪಾದಿತರು ಸ್ವತಃ ಒಪ್ಪಿಕೊಂಡಿರುತ್ತಾರೆ' ಎಂಬ ರೂಪದಲ್ಲಿ ಬಂದವು.

ಆಮೇಲೆ ಕಟ್ಟಡವೆಲ್ಲ ನನ್ನನ್ನು ನೋಡುವ ರೀತಿಯೇ ಬೇರೆಯಾಯಿತು. ಮೂರು ಗಂಟೆಗೆ ಕಿಟಕಿಗಳು ತೆರೆದುಕೊಳ್ಳುತ್ತವೆ, ಟಿವಿಗಳು ಆರುತ್ತವೆ, ಮಗು ಅಳು ನಿಲ್ಲಿಸುತ್ತದೆ, ನಲವತ್ತು ನಿಮಿಷ ಯಾರೂ ಲಿಫ್ಟ್ ಬಳಸುವುದಿಲ್ಲ ಎಂದು ಕಟ್ಟಡದ ನಿವಾಸಿಗಳ ಸಂಘದ ಕಾರ್ಯದರ್ಶಿಗಳು ಹೇಳಿದರು. ಇವರು ನಿವೃತ್ತ ಹೆಡ್‌ಮಾಸ್ಟರು, ಏನು ಹೇಳಿದರೂ ಬರೆದುಕೊಳ್ಳಲಿ ಎಂಬಂತೆ ನಿಧಾನವಾಗಿ ಹೇಳುತ್ತಾರೆ.

"ಒಂದು ಮಾತು. ಸಂಜೆ ಹೊತ್ತು ಬಾರಿಸೋರು ನಿಮ್ಮ ಮನೆಯವರಾ?"

ಸಂಜೆ ಬಾರಿಸುವವನು ನಾನು. ನಾನು ಗಂಟಲು ಸರಿಮಾಡಿಕೊಂಡೆ.

"ಗೊತ್ತಾಯ್ತು ಬಿಡಿ. ಪಾಪ, ಕಲೀಲಿ. ನೀವು ತಾಳ್ಮೆಯಿಂದ ಕಲಿಸ್ತಿದ್ದೀರಲ್ಲ, ಅದು ದೊಡ್ಡದು. ಆದ್ರೂ ಅವರಿಗೆ ಬೇರೆ ಏನಾದ್ರೂ ಹವ್ಯಾಸ ಇದ್ರೆ ನೋಡಿ."

ನಾನು ಇದನ್ನೂ ಅಲ್ಲಗಳೆಯಲಿಲ್ಲ. ಅದರ ಫಲ ಮೂರು ದಿನದಲ್ಲಿ ಬಂತು. ಹೆಂಡತಿ ಕೆಲಸದಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ನನ್ನೆದುರು ನಿಂತಳು.

"ರೀ, ಕೆಳಗಿನ ಮನೆಯವರು ನನಗೆ ಹೊಲಿಗೆ ಕ್ಲಾಸಿನ ವಿಳಾಸ ಕೊಟ್ರು. ಕೈ ಒರಟಾಗಿದ್ರೂ ಪರವಾಗಿಲ್ಲ, ದಾರದ ಕೆಲಸ ಬರುತ್ತಂತೆ. ಏನ್ರೀ ಇದು?"

ಎಲ್ಲವನ್ನೂ ಹೇಳಿದೆ. ಸೀಮೆಸುಣ್ಣ, ಸ್ಟೂಲು, ಅರವತ್ತು ಗ್ರಾಂ. ಅವಳು ಕೇಳಿಸಿಕೊಂಡು, "ನಾಳೆ ಅರ್ಧ ದಿನ ರಜ ಹಾಕಿ ಬರ್ತೀನಿ. ಮೂರು ಗಂಟೆಗೆ ಯಾರು ಬರ್ತಾರೋ ನಾನೇ ನೋಡ್ತೀನಿ" ಎಂದಳು. ನನ್ನ ಹೆಂಡತಿ ಹಲ್ಲು ಕೀಳಿಸಿಕೊಳ್ಳಲು ಹೆದರಿ ಓಡುವವರನ್ನು ಕಾಲರ್ ಹಿಡಿದು ಕೂರಿಸಿದವಳು. ಭೂತವೇ ಆದರೂ ಅದಕ್ಕೆ ಗ್ರಹಚಾರ ಕಾದಿದೆ ಎಂದು ನನಗೆ ಧೈರ್ಯ ಬಂತು.

ಮಾರನೆಯ ಸಂಜೆ ಬಂದಾಗ ಅವಳು ಹಾಲಿನಲ್ಲಿ ಕೂತಿದ್ದಳು. ದೀಪ ಹಾಕಿರಲಿಲ್ಲ.

"ಏನಾಯ್ತು?"

"ಏನಿಲ್ಲ."

"ಯಾರಾದ್ರೂ ಬಂದ್ರಾ?"

ಅವಳು ಎದ್ದು ಅಡುಗೆಮನೆಗೆ ಹೋದಳು. ಒಳಗಿನಿಂದಲೇ, "ನಾಳೆಯಿಂದ ಆ ಕೋಣೆ ಕಿಟಕಿ ತೆಗೆದಿಟ್ಟು ಹೋಗಿ. ಸೆಖೆ ಆಗುತ್ತೆ" ಎಂದಳು.

"ಯಾರಿಗೆ?"

ಕುಕ್ಕರ್ ಕೂಗಿತು. ಉತ್ತರ ಅದರಲ್ಲಿ ಮುಳುಗಿತೋ, ಬರಲೇ ಇಲ್ಲವೋ ಗೊತ್ತಾಗಲಿಲ್ಲ. ಕೋಣೆಗೆ ಹೋಗಿ ನೋಡಿದರೆ ಕಾಲಿನ ಪೆಡಲಿಗೆ ಎಣ್ಣೆ ಹಾಕಿತ್ತು, ಸ್ಟೂಲಿನ ಮೇಲೆ ನಮ್ಮ ಮದುವೆಯಲ್ಲಿ ಬಂದ ಹೊಸ ಕುಶನ್ ಇತ್ತು. ಹನ್ನೆರಡು ವರ್ಷದಿಂದ ಆ ಕುಶನ್ನಿನ ಮೇಲೆ ಕೂರಲು ನನಗೆ ಅವಕಾಶವಿರಲಿಲ್ಲ.

ಇಲ್ಲಿಗೆ ನಿಂತಿದ್ದರೆ ನಾನು ಹೇಗೋ ಹೊಂದಿಕೊಳ್ಳುತ್ತಿದ್ದೆ. ಆದರೆ ಕಾರ್ಯದರ್ಶಿಗಳು ನನಗೆ ತಿಳಿಸದೆ ಒಂದು ಉಪಕಾರ ಮಾಡಿದರು. ನಮ್ಮ ಕಚೇರಿಗೆ ಪತ್ರ ಬರೆದರು. ಸಾಹೇಬರು ನನ್ನನ್ನು ಕರೆದು ಅದನ್ನು ಓದಿದರು. 'ತಮ್ಮ ಇಲಾಖೆಯ ಈ ಅಧಿಕಾರಿಗಳು ಪ್ರತಿದಿನವೂ ತಪ್ಪದೆ ಮಧ್ಯಾಹ್ನ ಮೂರರಿಂದ ಮೂರೂ ನಲವತ್ತರವರೆಗೆ ತಮ್ಮ ಮನೆಯಲ್ಲಿ ಡ್ರಮ್ಸ್ ನುಡಿಸಿ ನಮಗೆಲ್ಲ ನೆಮ್ಮದಿ ನೀಡುತ್ತಿದ್ದಾರೆ. ಇದನ್ನು ಹೀಗೆಯೇ ಮುಂದುವರಿಸಲು ತಾವು ದಯಮಾಡಿ ಅನುಮತಿ ನೀಡಬೇಕು.' ಕೆಳಗೆ ಮೂವತ್ತೆಂಟು ಸಹಿಗಳಿದ್ದವು. ಅಜ್ಜಿಯ ಸಹಿಯ ಮುಂದೆ ಹೂವಿನ ಚಿತ್ರವೂ ಇತ್ತು.

"ಇದು ದೂರು ಆಗಿದ್ರೆ ಬುಟ್ಟಿಗೆ ಹಾಕ್ತಿದ್ದೆ ಕಣ್ರೀ" ಎಂದರು ಸಾಹೇಬರು, ನಿಜವಾದ ದುಃಖದಿಂದ. "ಇದು ಪ್ರಶಂಸೆ. ಇಲಾಖೆಗೆ ಬಂದ ಮೊದಲ ಪ್ರಶಂಸಾಪತ್ರ. ಕಡತಕ್ಕೆ ಹಾಕ್ಲೇಬೇಕು. ಕಡತಕ್ಕೆ ಹಾಕಿದ್ರೆ, ಕೆಲಸದ ಹೊತ್ತಲ್ಲಿ ನೀವು ಮನೇಲಿದ್ರಿ ಅಂತ ಆಗುತ್ತೆ. ಕೆಲಸ ಹೋಗುತ್ತೆ."

"ಸಾರ್, ನಾನು ತಪಾಸಣೆಯಲ್ಲಿದ್ದೆ. ಅಂಗಡಿಯವರನ್ನೇ ಕೇಳಿ."

ಕೇಳಿದರು. ತಿಂಗಳಲ್ಲಿ ನಾನು ಹೋದ ಅಂಗಡಿಗಳು ನಲವತ್ತೊಂದು, ತಕ್ಕಡಿ ತಪ್ಪೆಂದು ದಂಡ ಹಾಕಿದ ಅಂಗಡಿಗಳೂ ನಲವತ್ತೊಂದು. ಮಧ್ಯಾಹ್ನದ ಹೊತ್ತಿನಲ್ಲಿ ನನ್ನ ಮುಖ ನೋಡಿದ ನೆನಪಿಲ್ಲ ಎಂದು ಒಬ್ಬೊಬ್ಬನೂ ಹೇಳಿದ, ದಂಡದ ಚೀಟಿಯಲ್ಲಿ ಗಂಟೆ ಬರೆಯುವ ಪದ್ಧತಿ ನಮ್ಮಲ್ಲಿಲ್ಲ. ಪೆಟ್ರೋಲ್ ಬಂಕಿನವನಂತೂ, "ಅಯ್ಯೋ, ಅವರು ಬಂದಿದ್ರೆ ಚಹಾ ಕೊಡದೆ ಕಳಿಸ್ತಿದ್ವಾ?" ಎಂದನಂತೆ. ಇಪ್ಪತ್ತೆರಡು ವರ್ಷ ಪ್ರಾಮಾಣಿಕವಾಗಿ ದುಡಿದದ್ದಕ್ಕೆ ನನ್ನ ಪರ ಹೇಳುವವರು ಊರಿನಲ್ಲಿ ಒಬ್ಬರೂ ಇಲ್ಲವೆಂದು ಆಗ ತಿಳಿಯಿತು.

ಉಳಿದ ದಾರಿ ಒಂದೇ. ನನಗೆ ಡ್ರಮ್ಸ್ ಬಾರಿಸಲು ಬರುವುದಿಲ್ಲ ಎಂದು ಲಿಖಿತವಾಗಿ ಒಪ್ಪಿಕೊಂಡೆ. ವಿಚಾರಣಾಧಿಕಾರಿಯೆಂದು ಬಂದವರು ಸಣಕಲು ಮನುಷ್ಯ, ಪ್ರತಿ ವಾಕ್ಯದ ನಂತರ ಪೆನ್ನಿನ ಮುಚ್ಚಳ ಹಾಕಿ ಮತ್ತೆ ತೆಗೆಯುವವರು.

"ಬರೋದಿಲ್ಲ ಅನ್ನೋದನ್ನ ಸಾಬೀತು ಮಾಡ್ಬೇಕಾಗುತ್ತೆ" ಎಂದರು. "ಸಹಿ ಹಾಕಿದ ಎಲ್ಲರ ಎದುರು, ಅದೇ ಜಾಗದಲ್ಲಿ, ಅದೇ ಹೊತ್ತಿಗೆ ಬಾರಿಸಿ. ಅವರು ಕೇಳ್ತಿದ್ದದ್ದು ಇದಲ್ಲ ಅಂತ ಹೇಳಿದ್ರೆ ನೀವು ಗೆದ್ರಿ."

ಮನಸ್ಸು ಹಗುರವಾಯಿತು. ಕೆಟ್ಟದಾಗಿ ಬಾರಿಸುವುದರಲ್ಲಿ ಕಟ್ಟಡದಲ್ಲಿ ನನಗೆ ಸಾಟಿ ಇರಲಿಲ್ಲ. ಮರ್ಯಾದೆ ಹೋದರೆ ಹೋಗಲಿ, ಕೆಲಸ ಉಳಿಯುತ್ತದೆ. ಆದರೂ ನಂಬುವ ಹಾಗಿಲ್ಲವೆಂದು ಮೂರು ದಿನ ಸಂಜೆ ಇನ್ನಷ್ಟು ಕೆಟ್ಟದಾಗಿ ಬಾರಿಸುವುದನ್ನು ಅಭ್ಯಾಸ ಮಾಡಿದೆ. ಹೆಂಡತಿ ಕೋಣೆಯ ಬಾಗಿಲಲ್ಲಿ ನಿಂತು, "ಆ ಕಪ್ಪು ಸಿಂಬಲ್ಲಿನ ಮೇಲೆ ಹೀಗೆ ಹೊಡೀಬೇಡಿ. ಒಡೆದ್ರೆ ಏನು ಹೇಳೋದು?" ಎಂದಳು. ಯಾರಿಗೆ ಹೇಳುವುದೆಂದು ನಾನೂ ಕೇಳಲಿಲ್ಲ.

ಆ ದಿನ ಎರಡೂವರೆಗೇ ಮನೆ ತುಂಬಿತು. ವಿಚಾರಣಾಧಿಕಾರಿಗಳಿಗೆ ಮತ್ತು ಸಾಹೇಬರಿಗೆ ಕುರ್ಚಿ, ಅಜ್ಜಿಗೆ ಬೆತ್ತದ ಪೀಠ, ಉಳಿದವರೆಲ್ಲ ಹಾಲಿನಲ್ಲಿ, ಮೆಟ್ಟಿಲಲ್ಲಿ. ಹೆಂಡತಿ ಕಿಟಕಿಯ ಪಕ್ಕ ನಿಂತಿದ್ದಳು. ಅಷ್ಟು ಜನ ಇದ್ದರೂ ಕೋಣೆಯಲ್ಲಿ ಚಳಿಯಾಗುತ್ತಿತ್ತು. ಸಾಹೇಬರು ಕೋಟಿನ ಗುಂಡಿ ಹಾಕಿಕೊಂಡರು. ಸಿಂಬಲ್ಲನ್ನು ಯಾರೂ ಮುಟ್ಟಿರಲಿಲ್ಲ, ಆದರೂ ಅದು ಸ್ಟ್ಯಾಂಡಿನ ಮೇಲೆ ಬಹಳ ನಿಧಾನವಾಗಿ ಅತ್ತಿತ್ತ ಓಲಾಡುತ್ತಿತ್ತು. ಫ್ಯಾನಿನ ಗಾಳಿ ಎಂದುಕೊಂಡು ಮೇಲೆ ನೋಡಿದೆ. ಫ್ಯಾನು ನಿಂತಿತ್ತು.

ನಾನು ಕೂತೆ. ಸ್ಟೂಲು ತಗ್ಗಾಗಿತ್ತು, ಎತ್ತರಿಸಲು ಹೊತ್ತಿರಲಿಲ್ಲ. ಗಡಿಯಾರ ಮೂರು ಹೊಡೆಯಿತು. ಸೊಟ್ಟಗೆ ಒಂದು ಏಟು ಹಾಕಲು ಬಲಗೈ ಎತ್ತಿದೆ.

ಕೈ ಬೇರೆ ಕಡೆ ಇಳಿಯಿತು.

ಹೇಗೆ ಹೇಳಲಿ? ನನ್ನ ತೋಳು ನನ್ನದೇ, ಉಂಗುರ ನನ್ನದೇ, ಮಣಿಕಟ್ಟಿನ ಸುಟ್ಟ ಕಲೆ ನನ್ನದೇ. ಆದರೆ ಕೋಲು ಸಿಂಬಲ್ಲನ್ನು ಮುಟ್ಟುವ ಮೊದಲೇ ಸದ್ದು ಕೋಣೆಯಲ್ಲಿ ಇತ್ತು. ಮೊದಲು ಒಂದೊಂದೇ ಏಟು, ಯಾರೋ ದೂರದಿಂದ ಒದ್ದೆ ಬೀದಿಯಲ್ಲಿ ನಡೆದು ಬರುವ ಹಾಗೆ. ಆಮೇಲೆ ಕಾಲುಗಳು ಸೇರಿಕೊಂಡವು, ಆಮೇಲೆ ಎಡಗೈ. ನಿಲ್ಲಿಸಬೇಕು, ಕೆಲಸ ಹೋಗುತ್ತದೆ ಎಂದು ಒಳಗೇ ಕೂಗಿಕೊಂಡೆ. ತಪ್ಪು ಹೊಡೆಯಲು ನೋಡಿದೆ. ಆ ತಪ್ಪೂ ತಾಳಕ್ಕೆ ಕೂತಿತು. ಭಯದಿಂದ ಬೆನ್ನು ಒದ್ದೆಯಾಗಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ಅಷ್ಟೇ ಸಂತೋಷವೂ ಆಗುತ್ತಿತ್ತು. ನಲವತ್ತೊಂಬತ್ತು ವರ್ಷದಲ್ಲಿ ನನ್ನ ಕೈಯಿಂದ ಅಷ್ಟು ಚೆನ್ನಾದದ್ದು ಏನೂ ಬಂದಿರಲಿಲ್ಲ. ಹೆಂಡತಿಯತ್ತ ನೋಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ. ನನಗಿಂತ ಸ್ವಲ್ಪ ಹಿಂದೆ, ನನ್ನ ಭುಜದ ಮೇಲಿನ ಜಾಗವನ್ನು ನೋಡುತ್ತಿದ್ದಳು. ಹಾಗೆ ಅವಳು ಯಾವತ್ತೂ ನನ್ನನ್ನು ನೋಡಿದ್ದಿಲ್ಲ.

ಮೂರೂ ನಲವತ್ತಕ್ಕೆ ಕೈಗಳು ಕೋಲುಗಳನ್ನು ಪಕ್ಕಪಕ್ಕದಲ್ಲಿ ಮಲಗಿಸಿದವು. ಅಜ್ಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದರು. ಸಾಹೇಬರ ಕಾಲು ಇನ್ನೂ ಕುಣಿಯುತ್ತಿತ್ತು.

"ಇದೇ" ಎಂದರು ಕಾರ್ಯದರ್ಶಿಗಳು, ನಿಧಾನವಾಗಿ. "ನಾವು ದಿನಾ ಕೇಳೋದು ಇದೇ."

ವಿಚಾರಣಾಧಿಕಾರಿಗಳು ಪೆನ್ನಿನ ಮುಚ್ಚಳ ತೆಗೆದರು. "ನಿಮ್ಮ ಕಲೆಗೆ ನನ್ನ ನಮಸ್ಕಾರ. ಆದ್ರೆ ಕರ್ತವ್ಯ ಕರ್ತವ್ಯವೇ. 'ಮೇಲಿನಂತೆ ಬಾರಿಸಿದವನು ನಾನೇ' ಅಂತ ಇಲ್ಲಿ ಸಹಿ ಹಾಕಿ."

ಇಪ್ಪತ್ತೆರಡು ವರ್ಷದ ಕೆಲಸ ಆ ಗೆರೆಯ ಮೇಲೆ ಮುಗಿಯುತ್ತದೆ ಎಂದು ಗೊತ್ತಿತ್ತು. ಕಣ್ಣು ಮಂಜಾಯಿತು. ಪೆನ್ನು ತೆಗೆದುಕೊಂಡು ಸಹಿ ಹಾಕಿ ಕಾಗದ ಕೊಟ್ಟೆ. ಅವರು ಅದನ್ನು ಓದಿದರು, ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು, ಸಾಹೇಬರಿಗೆ ಕೊಟ್ಟರು.

"ಇದ್ಯಾರ ಹೆಸರ್ರೀ?" ಎಂದರು ಸಾಹೇಬರು.

ನಾನೂ ನೋಡಿದೆ. ದುಂಡನೆಯ ಚೆಂದದ ಅಕ್ಷರ, ಕೊನೆಯಲ್ಲಿ ಒಂದು ಸುಳಿ. ಹೆಸರು ನನ್ನದಲ್ಲ. ಅದನ್ನು ಇಲ್ಲಿ ಬರೆಯುವಂತಿಲ್ಲ, ವಿಷಯ ಇನ್ನೂ ವಿಚಾರಣೆಯಲ್ಲಿದೆ.

ಬೇರೆ ಜನರಾಗಿದ್ದರೆ ಕಿರುಚಿ ಓಡುತ್ತಿದ್ದರು. ಇವರು ಸರ್ಕಾರಿ ನೌಕರರು, ನಿವೃತ್ತರು, ಸಂಘದ ಪದಾಧಿಕಾರಿಗಳು. ಎಲ್ಲರೂ ಕಾಗದವನ್ನು ನೋಡಿದರು. ಸಾಹೇಬರು ನನ್ನ ಸೇವಾ ಪುಸ್ತಕ ತರಿಸಿ ಸಹಿಗೆ ಸಹಿ ಹಿಡಿದು ನೋಡಿದರು, ತಾಳೆಯಾಗಲಿಲ್ಲ. ವಿಚಾರಣಾಧಿಕಾರಿಗಳ ಮುಖದಲ್ಲಿ ನಿಧಾನವಾಗಿ ಬೆಳಕು ಮೂಡಿತು.

"ಹಾಗಾದ್ರೆ ಬಾರಿಸಿದವರು ನಮ್ಮ ನೌಕರರಲ್ಲ" ಎಂದು ಮುಚ್ಚಳ ಹಾಕಿದರು. "ನಿಮ್ಮ ಮೇಲಿನ ಆಪಾದನೆ ಬಿದ್ದುಹೋಯ್ತು. ಸರ್ಕಾರಿ ವಿಚಾರಣೇಲಿ ಪರರ ಹೆಸರಲ್ಲಿ ಹಾಜರಾಗಿ ಬಾರಿಸಿದ್ದಕ್ಕೆ ಈ ಮಹಾಶಯರಿಗೆ ನೋಟೀಸು ಕೊಡ್ಬೇಕು. ವಿಳಾಸ?"

"ಇದೇ ಮನೆ" ಎಂದಳು ನನ್ನ ಹೆಂಡತಿ, ಕಿಟಕಿಯ ಪಕ್ಕದಿಂದ.

ಹೀಗೆ ನನ್ನ ಕೆಲಸ ಉಳಿಯಿತು. ಈಗ ಕಟ್ಟಡದ ಕೆಳಗಿನ ಹಲಗೆಯಲ್ಲಿ ನಮ್ಮ ಮನೆ ಸಂಖ್ಯೆಯ ಎದುರು ಎರಡು ಹೆಸರುಗಳಿವೆ. ಮೇಲಿನದು ಆ ಸಹಿ ಹಾಕಿದವರದು. ಸಂಘದ ವಾರ್ಷಿಕ ಸಮಾರಂಭಕ್ಕೆ ಅವರಿಗೆ 'ಕುಟುಂಬ ಸಮೇತ' ಎಂದು ಆಹ್ವಾನಪತ್ರಿಕೆ ಬಂದಿದೆ. ನನಗೆ ಬೇರೆ ಬಂದಿಲ್ಲ. ಅಜ್ಜಿ ಮೆಟ್ಟಿಲಲ್ಲಿ ಸಿಕ್ಕರೆ, "ಅವರು ಹೇಗಿದ್ದಾರಪ್ಪಾ?" ಎನ್ನುತ್ತಾರೆ. ನಾನು "ಚೆನ್ನಾಗಿದ್ದಾರೆ ಅಜ್ಜಿ" ಎನ್ನುತ್ತೇನೆ. ಭಾವಮೈದ ಗಿಟಾರ್ ಹಿಡಿದು ಮಧ್ಯಾಹ್ನವೇ ಬರುತ್ತಾನೆ, ನಾನು ಬರುವ ಮೊದಲೇ ಹೋಗಿರುತ್ತಾನೆ. ಹೆಂಡತಿ ಕ್ಲಿನಿಕ್ಕಿನಲ್ಲಿ ಬೆಳಗಿನ ಪಾಳಿಗಷ್ಟೇ ಬದಲಾಯಿಸಿಕೊಂಡು ಮೂರರೊಳಗೆ ಮನೆಗೆ ಬಂದಿರುತ್ತಾಳೆ. ಸಂಜೆ ನಾನು ಕೋಣೆಗೆ ಹೋಗಿ ಸ್ವಲ್ಪ ಹೊತ್ತು ಬಾರಿಸುತ್ತೇನೆ. ಮೊದಲಿನಷ್ಟೇ ಕೆಟ್ಟದಾಗಿ ಬರುತ್ತದೆ. ಹೆದರಿಕೆ ಈಗ ಅಷ್ಟಿಲ್ಲ. ಹೊಟ್ಟೆಕಿಚ್ಚು ಮಾತ್ರ ಬಹಳ ಇದೆ.

ನೋಟೀಸು ರಿಜಿಸ್ಟರ್ಡ್ ಅಂಚೆಯಲ್ಲಿ ಹೋಯಿತು. 'ವಿಳಾಸದಾರರು ಇಲ್ಲ' ಎಂದು ವಾಪಸ್ ಬರುತ್ತದೆ, ಕಡತ ಮುಚ್ಚುತ್ತದೆ, ನಮ್ಮ ಮನೆ ನಮಗೇ ಉಳಿಯುತ್ತದೆ ಎಂದು ನಾನು ಕಾಯುತ್ತಿದ್ದೆ. ನಿನ್ನೆ ಅದರ ಸ್ವೀಕೃತಿ ಚೀಟಿ ಕಚೇರಿಗೆ ಬಂತು. ಸಾಹೇಬರು ನನ್ನನ್ನು ಕರೆದು ಮೇಜಿನ ಮೇಲಿಟ್ಟರು. 'ತಲುಪಿತು, ಮಧ್ಯಾಹ್ನ 3.50.' ಕೆಳಗೆ ಅದೇ ದುಂಡನೆಯ ಸಹಿ. ಅದರ ಕೆಳಗೆ ಅಂಚೆಯವರು ಅಪರಿಚಿತರಿಗೆ ಕೊಡುವಾಗ ತುಂಬಿಸುವ ಇನ್ನೊಂದು ಸಾಲು, 'ಇವರೇ ಅವರೆಂದು ಗುರುತಿಸಿದವರು'. ಅಲ್ಲಿಯೂ ಒಂದು ಸಹಿ ಇತ್ತು.

"ಇದು ನಿಮ್ಮ ಮನೆಯವರ ಕೈಬರಹ ಅಲ್ವೇನ್ರೀ?" ಎಂದರು ಸಾಹೇಬರು. "ಅವರದೇ ಹೌದಾ ಅಂತ ನೋಡಿ, ಪಕ್ಕದಲ್ಲಿ ದೃಢೀಕರಿಸ್ಬಿಡಿ. ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ."

ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಅವಳದೇ ಸಹಿ. ಅವಸರವಿಲ್ಲದೆ, ಪೂರ್ತಿ ಹೆಸರು ಬಿಡಿಸಿ ಬರೆದಿದ್ದಳು. ಮದುವೆಯ ನೋಂದಣಿ ಪುಸ್ತಕದಲ್ಲಿ ಮಾತ್ರ ಅವಳು ಹಾಗೆ ಬರೆದದ್ದನ್ನು ನಾನು ನೋಡಿದ್ದೆ.

"ಹೌದು ಸಾರ್, ಅವಳದೇ" ಎಂದು 'ಪರಿಶೀಲಿಸಿದೆ, ಸರಿಯಾಗಿದೆ' ಎಂದು ಬರೆದೆ. ಕೆಳಗೆ ನನ್ನ ಹೆಸರು ಹಾಕಿದೆ. ನನ್ನದೇ ಹೆಸರೋ ಎಂದು ಎರಡು ಸಲ ಓದಿ ನೋಡಿ, ಚೀಟಿಯನ್ನು ಕಡತಕ್ಕೆ ಸೇರಿಸಿದೆ.